ದೊಡ್ಡಪ್ಪನ ಗೊರಕೆ, ಭೂಪನ ಮೂಗು

ನಮ್ಮ ದೊಡ್ಡವ್ವನಿಗೆ ಸತ್ತುಹೋದ ಗಂಡನ ಗೊರಕೆ ದಿನಾ ಮಧ್ಯಾಹ್ನ ಕೇಳಿಸುತ್ತಿತ್ತು. ಮೂವತ್ತೈದು ವರ್ಷ ಕೇಳಿದ ಗೊರಕೆ ಕಿವಿಯಿಂದ ಅಷ್ಟು ಬೇಗ ಹೋಗುತ್ತದೆಯೇ, ಇದರಲ್ಲೇನು ಹೆಚ್ಚುಗಾರಿಕೆ ಅಂತ ನೀವು ಕೇಳಬಹುದು. ಹೆಚ್ಚುಗಾರಿಕೆ ಏನೆಂದರೆ, ಅದು ನಮಗೂ ಕೇಳಿಸುತ್ತಿತ್ತು! ನನಗೆ ಕೇಳಿಸಿದೆ, ನನ್ನ ಹೆಂಡತಿಗೆ ಕೇಳಿಸಿದೆ, ಕರೆಂಟ್ ಮೀಟರ್ ನೋಡಲು ಬಂದವನಿಗೂ ಕೇಳಿಸಿದೆ. ಅವನು ಪಾಪ, ಮೀಟರ್ ನೋಡದೆಯೇ ಹೊರಟುಹೋದ.

ದೊಡ್ಡವ್ವ ಅಂದರೆ ನನ್ನ ಅಮ್ಮನ ಅಕ್ಕ. ಹೊಳೆನರಸೀಪುರದ ಪೇಟೆಯಲ್ಲಿ ಅವಳದೊಂದು ಹಿಟ್ಟಿನ ಮಿಲ್ಲು. ಮುಂದೆ ಮಿಲ್ಲು, ಹಿಂದೆ ಮನೆ, ಎರಡರ ನಡುವೆ ಒಂದು ಹಳೆಯ ಪರದೆ. ಮಕ್ಕಳಿಲ್ಲ. ತಂಗಿಯರ ಮಕ್ಕಳಾದ ನಮ್ಮನ್ನೇ ಬೈದು, ಹೊಡೆದು, ತಿನ್ನಿಸಿ ಆ ಕೊರತೆ ನೀಗಿಸಿಕೊಂಡಿದ್ದಾಳೆ. ಮಿಲ್ಲಿನ ಸದ್ದಿನಲ್ಲಿ ಬದುಕಿದವಳಾದ್ದರಿಂದ ಗುಟ್ಟು ಹೇಳಿದರೂ ಬಸ್‌ಸ್ಟ್ಯಾಂಡಿನ ತನಕ ಕೇಳಿಸುತ್ತದೆ. ತಲೆಗೊಂದು ಟವೆಲು, ರೆಪ್ಪೆಯ ಮೇಲೆಲ್ಲ ಹಿಟ್ಟು. ಯಾರಾದರೂ ತಂದ ರಾಗಿಯಲ್ಲಿ ಕಲ್ಲು ಸಿಕ್ಕಿತೋ, ಮುಗಿಯಿತು! "ಮನೇನೂ ಇಂಗೇ ಮಡಿಕಂಡಿದೀಯಾ?" ಅಂತ ಅವರ ಸಂಸಾರವನ್ನೆಲ್ಲ ಬೀದಿಗೆ ಎಳೆಯುತ್ತಾಳೆ. ಆದರೂ ಜನ ಅಲ್ಲಿಗೇ ಬರುತ್ತಾರೆ, ಹಿಟ್ಟು ಅಷ್ಟು ನುಣ್ಣಗಿರುತ್ತದೆ.

ದೊಡ್ಡಪ್ಪ ಇದ್ದಾಗ ಗೊರಕೆಯಲ್ಲಿ ಅವನಿಗೆ ಸಾಟಿ ಇರಲಿಲ್ಲ. ಮಧ್ಯಾಹ್ನ ಒಂದು ಗಂಟೆಗೆ ಮಿಲ್ಲು ನಿಲ್ಲಿಸಿ, ಮುದ್ದೆ ಉಂಡು, ಪರದೆಯ ಹಿಂದಿನ ಮಂಚದ ಮೇಲೆ ಬಿದ್ದನೆಂದರೆ ಬೀದಿಯವರಿಗೆಲ್ಲ ಮಿಲ್ಲು ಮತ್ತೆ ಶುರುವಾಯಿತೇನೋ ಅನ್ನಿಸುತ್ತಿತ್ತು. ಅದಕ್ಕೊಂದು ಕ್ರಮವೂ ಇತ್ತು. ಎರಡು ಚಿಕ್ಕದು, ಒಂದು ಉದ್ದದ್ದು. ಆಮೇಲೆ ಏನೂ ಇಲ್ಲ, ಉಸಿರೇ ಇಲ್ಲ. ಕೇಳುತ್ತ ಕೂತವರಿಗೆ ಎದೆ ಹೊಡೆದುಕೊಳ್ಳಲು ಶುರುವಾದ ಮೇಲೆ ಕೊನೆಗೆ "ಹ್ಞೂಂ" ಅಂತ ಒಂದು ಸದ್ದು, ಯಾರೋ ಏನೋ ಕೇಳಿದ್ದಕ್ಕೆ ಒಪ್ಪಿಕೊಂಡ ಹಾಗೆ. ಮತ್ತೆ ಮೊದಲಿಂದ.

ಒಂದು ಸಲ ದೊಡ್ಡಪ್ಪ ಮಿಲ್ಲಿನ ಬೆಲ್ಟು ತರಲು ಚನ್ನರಾಯಪಟ್ಟಣಕ್ಕೆ ಹೋದವನು ಬೆಲ್ಟಿನ ಜೊತೆಗೆ ಒಂದು ನಾಯಿಮರಿಯನ್ನೂ ತಂದ. ಹೈವೇ ಪಕ್ಕದ ಹೋಟೆಲಿನವನೊಬ್ಬ ರಾತ್ರಿ ಕಾವಲಿಗೆ ಅಂತ ಬುಲ್‌ಡಾಗ್ ಮರಿ ಸಾಕಿದ್ದನಂತೆ. ಅದು ಬೊಗಳುವುದಿಲ್ಲ, ಓಡುವುದಿಲ್ಲ, ಬಂದವರನ್ನೆಲ್ಲ ನೆಂಟರ ಹಾಗೆ ಮಾತಾಡಿಸುತ್ತದೆ ಅಂತ ಬೇಸತ್ತು ಕೊಟ್ಟುಬಿಟ್ಟ. ಚಪ್ಪಟೆ ಮೂಗು, ಮುಖವೆಲ್ಲ ಮಡಿಕೆ, ಮುಂದೆ ಚಾಚಿದ ಕೆಳದವಡೆ, ಅದರಿಂದ ಇಣುಕುವ ಎರಡು ಹಲ್ಲು. ಚೀಲ ಬಿಚ್ಚಿದಾಗ ಆ ಮುಖ ನೋಡಿ ದೊಡ್ಡಪ್ಪ "ಎಲಾ ಭೂಪ!" ಅಂದದ್ದೇ ಹೆಸರಾಗಿ ನಿಂತಿತು. ದೊಡ್ಡವ್ವ ಮಾತ್ರ, "ಇದೇನ್ರೀ ಇದು, ಬಾಗ್ಲಿಗೆ ಮುಖ ಜಜ್ಜಿಸ್ಕಂಡದಾ? ಮೊದ್ಲು ತಗಂಡೋಗಿ ವಾಪಸ್ ಕೊಟ್ಟು ಬನ್ನಿ" ಅಂದಿದ್ದಳು.

ವಾಪಸ್ ಯಾಕೆ ಹೋಗಲಿಲ್ಲ ಅಂದರೆ ಮುದ್ದೆಯಿಂದ! ಭೂಪನಿಗೆ ದೊಡ್ಡಪ್ಪ ಒಂದು ತುತ್ತು ಮುದ್ದೆ ಸಾರಿನಲ್ಲಿ ಅದ್ದಿ ಹಾಕಿದ. ಅಗಿಯಲಿಲ್ಲ, ಹಾಗೇ ನುಂಗಿತು. ನಮ್ಮ ಕಡೆ ಮುದ್ದೆಯನ್ನು ಅಗಿದು ತಿನ್ನುವವರಿಗೆ ಹೆಣ್ಣು ಕೊಡುವಾಗಲೂ ಒಂದು ಸಲ ಯೋಚನೆ ಮಾಡುತ್ತಾರೆ. "ನೋಡ್ದೇನೇ? ನುಂಗ್ತು! ಇವ್ನು ನಮ್ಮೋನೇ ಕಣೇ!" ಅಂತ ದೊಡ್ಡಪ್ಪ ಕುಣಿದಾಡಿಬಿಟ್ಟ. ಇನ್ನೊಂದು ದಿನ ಹೊಳೆಗೆ ಈಜಲು ಕರೆದುಕೊಂಡು ಹೋದ. ನಾಯಿ ಅಂದಮೇಲೆ ಈಜು ಹುಟ್ಟಿನಿಂದಲೇ ಬರಬೇಕಲ್ಲ? ಭೂಪ ಹೇಮಾವತಿಗೆ ಇಳಿದವನು ಗುಂಡುಕಲ್ಲಿನ ಹಾಗೆ ಸೀದಾ ತಳಕ್ಕೆ ಹೋದ. ದೊಡ್ಡಪ್ಪ ಪಂಚೆಸಮೇತ ಹಾರಿ ಎತ್ತಿಕೊಂಡು ಬಂದ. ಅಂದಿನಿಂದ ಇಬ್ಬರೂ ಹೊಳೆಯ ಕಡೆ ತಲೆ ಹಾಕಲಿಲ್ಲ.

ಎರಡು ವರ್ಷದ ಹಿಂದೆ ಒಂದು ಭಾನುವಾರ ಮಧ್ಯಾಹ್ನ ಉಂಡು ಮಲಗಿದ ದೊಡ್ಡಪ್ಪ ಏಳಲಿಲ್ಲ. ಮಲಗಿದ್ದಲ್ಲೇ ಹೋಗಿಬಿಟ್ಟಿದ್ದ. ಬಂದವರೆಲ್ಲ "ಎಂಥಾ ಸುಖದ ಸಾವು, ಪುಣ್ಯವಂತ" ಅಂದರು. ಲೋಕಕ್ಕೆಲ್ಲ ಎದುರು ಮಾತಾಡುವ ದೊಡ್ಡವ್ವ ಆ ಮಾತಿಗೆ ಒಂದು ದಿನವೂ ಏನೂ ಹೇಳಲಿಲ್ಲ. ಗೋಡೆ ನೋಡುತ್ತ ಕೂತಿದ್ದಳು.

ತಿಥಿ ಮುಗಿದು ನೆಂಟರೆಲ್ಲ ಹೊರಟರು. ಮನೆಯಲ್ಲಿ ಉಳಿದವರು ದೊಡ್ಡವ್ವ, ನಾನು, ನನ್ನ ಹೆಂಡತಿ. ಮಧ್ಯಾಹ್ನ ಒಂದೂವರೆ ಇರಬಹುದು. ನಿಂತ ಮಿಲ್ಲಿನೊಳಗೆ ಹೆಂಚಿನ ಸಂದಿಯಿಂದ ಬಿಸಿಲು ಕೋಲು ಕೋಲಾಗಿ ಇಳಿದಿತ್ತು, ಅದರಲ್ಲಿ ಹಿಟ್ಟಿನ ಧೂಳು ನಿಧಾನಕ್ಕೆ ಸುತ್ತುತ್ತಿತ್ತು. ನಾವು ಮೂವರೂ ಗೋಡೆಗೆ ಒರಗಿ ಕೂತಿದ್ದೆವು. ಆಗ ಪರದೆಯ ಆಚೆಯಿಂದ ಬಂತು. ಎರಡು ಚಿಕ್ಕದು, ಒಂದು ಉದ್ದದ್ದು.

ನನ್ನ ಹೆಂಡತಿ ನನ್ನ ಕೈ ಹಿಡಿದ ರಭಸಕ್ಕೆ ಬಳೆ ಒಡೆಯಿತು. ಆಮೇಲೆ ಆ ನಿಶ್ಶಬ್ದ. ಪರದೆ ಒಂದಿಷ್ಟು ಅಲುಗಿತು, ಗಾಳಿ ಮಾತ್ರ ಎಲ್ಲೂ ಇರಲಿಲ್ಲ. ಕೊನೆಗೆ "ಹ್ಞೂಂ"! ದೊಡ್ಡವ್ವ ಎದ್ದು ಹೋಗಿ ಪರದೆ ಸರಿಸಿದಳು. ದೊಡ್ಡಪ್ಪನ ಮಂಚದ ಕೆಳಗೆ ಭೂಪ ಹೊಟ್ಟೆ ಮೇಲೆ ಮಾಡಿ ಬಿದ್ದುಕೊಂಡಿದ್ದ.

ಭೂಪ ಮೊದಲಿಂದಲೂ ಗೊರಕೆ ಹೊಡೆಯುತ್ತಿದ್ದಿರಬೇಕು, ದೊಡ್ಡಪ್ಪನ ಸದ್ದಿನಲ್ಲಿ ನಮಗೆ ಕೇಳಿಸಿರಲಿಲ್ಲ ಅಂತ ಇವತ್ತು ನಾನು ಹೇಳಬಲ್ಲೆ. ಅವತ್ತು ಹಾಗನ್ನಿಸಲಿಲ್ಲ. ಅದೇ ಲೆಕ್ಕ, ಅದೇ ತಡೆ, ಕೊನೆಗೆ ಅದೇ ಒಪ್ಪಿಗೆ! ದೊಡ್ಡಪ್ಪ ಬಿಟ್ಟುಹೋದ ಕೆಲಸವನ್ನು ಭೂಪ ಮುಂದುವರಿಸುತ್ತಿದ್ದ. ಅದೂ ಅದೇ ಹೊತ್ತಿಗೆ, ಅದೇ ಜಾಗದಲ್ಲಿ.

ಸುದ್ದಿ ಪೇಟೆ ತುಂಬ ಹರಡಲು ಹೆಚ್ಚು ದಿನ ಬೇಕಾಗಲಿಲ್ಲ. ಹಳೇಕೋಟೆಯಿಂದ ಒಬ್ಬ ಹೆಂಗಸು ರಾಗಿ ಬೀಸಿಸಲು ಬಂದಿದ್ದಳು. ದೊಡ್ಡಪ್ಪನ ತಿಥಿಯಲ್ಲಿ ಉಂಡು ಹೋದವಳೇ. ಮಿಲ್ಲು ತೆಗೆಯಲಿ ಅಂತ ಕಾಯುತ್ತ ಕೂತಿದ್ದಾಗ ಪರದೆಯ ಹಿಂದೆ ಶುರುವಾಯಿತು. ಅವಳ ಮುಖ ಬೆಳ್ಳಗಾಯಿತು.

"ಯಾರಕ್ಕಾ ಒಳಗೆ ಮಲಗಿರೋದು?"

ದೊಡ್ಡವ್ವ ಜರಡಿ ಹಿಡಿಯುತ್ತಿದ್ದವಳು ತಲೆ ಎತ್ತದೆ, "ಇನ್ಯಾರು, ದಿನಾ ಮಲಗೋನೇ. ಈಗ ಉಂಡು ಮಲಗವ್ನೆ, ಎಬ್ಬುಸ್ಬುಟ್ಟೀಯ, ಮೆಲ್ಲಕೆ ಮಾತಾಡು" ಅಂದಳು. ಹೆಂಗಸು ರಾಗಿ ಚೀಲ ಅಲ್ಲೇ ಬಿಟ್ಟು ಹೋದಳು. ಆ ಹಿಟ್ಟನ್ನು ಕೊನೆಗೆ ದೊಡ್ಡವ್ವನೇ ಬಸ್ಸಿನಲ್ಲಿ ಕಳಿಸಿಕೊಡಬೇಕಾಯಿತು.

ಇಷ್ಟೇ ಆಗಿದ್ದರೆ ಜನ ನಕ್ಕು ಮರೆಯುತ್ತಿದ್ದರು. ಆದರೆ ದೊಡ್ಡವ್ವ ಒಂದು ಹೊಸ ಪರಿಪಾಠ ಶುರುಮಾಡಿಕೊಂಡಳು. ಭೂಪ ಮಲಗಿದ ಕೂಡಲೇ ಅವನ ಪಕ್ಕದಲ್ಲಿ ಚಾಪೆ ಹಾಸಿಕೊಂಡು ಕೂರುವುದು. ಗೊರಕೆ ನಿಂತಾಗೆಲ್ಲ ಅವಳ ತುಟಿ ಅಲುಗುತ್ತಿತ್ತು. ಬಾಗಿಲ ಸಂದಿಯಿಂದ ನೋಡಿದ ಪಕ್ಕದ ಮನೆಯವಳು, "ಮಂತ್ರ ಏಳ್ತಾವಳೆ ಕಣ್ರವ್ವಾ, ನಾಯಿ ಮೈಮೇಲೆ ಗಂಡನ್ನ ಕರಿತಾವಳೆ" ಅಂತ ಡಂಗುರ ಹೊಡೆದಳು. ಒಂದು ಮಧ್ಯಾಹ್ನ ನಾನೂ ನೋಡಿದೆ. ಕತ್ತಲು ಕತ್ತಲಾದ ಕೋಣೆ, ನೆಲದ ಮೇಲಿನ ಹಿಟ್ಟಿನಲ್ಲಿ ಮಂಚದ ಸುತ್ತ ಹೆಜ್ಜೆ ಗುರುತು, ನಡುವೆ ಕೂತ ದೊಡ್ಡವ್ವ ಏನೋ ಗುನುಗುತ್ತಿದ್ದಾಳೆ. ಗೊರಕೆ ತಿರುಗಿ ಶುರುವಾದದ್ದೇ ಗುನುಗು ನಿಂತಿತು. ನಾನು ಬಂದ ಹೆಜ್ಜೆಯಲ್ಲೇ ವಾಪಸ್ ಹೋಗಿ ಬೀದಿಯ ಬಿಸಿಲಿನಲ್ಲಿ ನಿಂತೆ.

ಆಮೇಲೆ ಬಂದದ್ದು ಪಿತೃಪಕ್ಷ. ದೊಡ್ಡಪ್ಪನ ತಮ್ಮ, ನಾವು ಚಿಕ್ಕಪ್ಪ ಅನ್ನುವವನು, ಹಳೇಕೋಟೆಯಲ್ಲಿದ್ದಾನೆ. ಅವನ ಮನೆಯಲ್ಲೇ ಹಿರಿಯರಿಗೆ ಎಡೆ ಇಡುವುದು. ನಮ್ಮಲ್ಲಿ ಎಡೆ ಅಂದರೆ ಸುಮ್ಮನೆ ಎಲೆಯ ಮೇಲೆ ಒಂದಿಷ್ಟು ಅನ್ನವಲ್ಲ! ಸತ್ತವರು ಏನೇನು ಇಷ್ಟಪಡುತ್ತಿದ್ದರೋ ಅದೆಲ್ಲ ಇರಬೇಕು. ದೊಡ್ಡಪ್ಪನಿಗೆ ಮುದ್ದೆ, ಮಟನ್ ಸಾರು, ವಡೆ, ಒಂದು ಕಟ್ಟು ಬೀಡಿ, ಹೊಸ ಪಂಚೆ. ಎಲ್ಲ ಕೋಣೆಯೊಳಗೆ ಇಟ್ಟು, ಧೂಪ ಹಾಕಿ, ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಬಾಯಿ ಮುಚ್ಚಿಕೊಂಡು ಕೂರುತ್ತೇವೆ. ಹಿರಿಯರು ಬಂದು ಉಂಡು ಹೋಗಲಿ ಅಂತ. ನಾನು ಹುಟ್ಟಿದಾಗಿನಿಂದ ಹೀಗೆ ಕೂತಿದ್ದೇನೆ, ಒಳಗಿನಿಂದ ಒಂದು ಸದ್ದೂ ಬಂದದ್ದಿಲ್ಲ.

ಆ ವರ್ಷ ಸದ್ದು ಬಂತು. ಸಂಜೆ ದೀಪ ಹಚ್ಚುವ ಹೊತ್ತು. ಮೊದಲು ಎಲೆ ಸರಿದ ಸದ್ದು. ಆಮೇಲೆ ಚಪ್ ಚಪ್ ಚಪ್. ಪಡಸಾಲೆಯಲ್ಲಿ ಕೂತಿದ್ದ ಹದಿನೈದು ಜನರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅಜ್ಜಿಯೊಬ್ಬಳು ಸೆರಗು ಬಾಯಿಗೆ ತುರುಕಿಕೊಂಡಳು. ಚಿಕ್ಕಪ್ಪನ ಹೆಂಡತಿ ನಡುಗುತ್ತ ಕೇಳಿದಳು, "ಏನ್ರೀ, ಬಂದವ್ರಾ?" ಚಿಕ್ಕಪ್ಪ ಬೆರಳು ತುಟಿಗಿಟ್ಟ. ಚಪ್ ಚಪ್ ನಿಂತಿತು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ, ಉಂಡ ಮೇಲೆ ದೊಡ್ಡಪ್ಪ ಇನ್ನೇನು ಮಾಡುತ್ತಿದ್ದ? ಎರಡು ಚಿಕ್ಕದು, ಒಂದು ಉದ್ದದ್ದು!

ನನ್ನ ಮೈಯ ಕೂದಲೆಲ್ಲ ನೆಟ್ಟಗಾಯಿತು. ನನಗೆ ಭೂಪನ ಗೊರಕೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಧೂಪದ ಹೊಗೆ, ಮುಚ್ಚಿದ ಬಾಗಿಲು, ಆ ಹೊತ್ತು. ಭೂಪನ ನೆನಪೇ ಬರಲಿಲ್ಲ. ಚಿಕ್ಕಪ್ಪ ದಡಕ್ಕನೆ ಬಾಗಿಲ ಮುಂದೆ ಅಡ್ಡಬಿದ್ದ.

"ಅಣ್ಣಾ! ತಪ್ಪಾಯ್ತು ಕಣಣ್ಣಾ! ನಿನ್ನೊಲದ ಬದಿನಾಗಿದ್ದ ಅಲಸಿನ ಮರ ಗಾಳಿಗೆ ಬಿದ್ದೋಯ್ತು ಅಂತ ಏಳಿದ್ದು ಸುಳ್ಳು. ನಾನೇ ಕಡ್ಸಿದ್ದು! ಬಾಗ್ಲು ಮಾಡ್ಸಕಂಡೆ! ಈಗ ಮುಚ್ಚಿರಾದು ಅದೇಯ ಕಣಣ್ಣಾ!"

ಒಳಗೆ ಗೊರಕೆ ನಿಂತುಬಿಟ್ಟಿತ್ತು. ಎಂದಿನ ತಡೆಗಿಂತ ಉದ್ದವಾಯಿತು. ಚಿಕ್ಕಪ್ಪ ಅಣ್ಣನಿಗೆ ಸಿಟ್ಟು ಬಂದಿದೆ ಅಂತ ಗಲ್ಲ ಗಲ್ಲ ಬಡಿದುಕೊಂಡ. ಅಷ್ಟರಲ್ಲಿ ಅಡುಗೆಮನೆಯಿಂದ ಕೈಯಲ್ಲಿ ಜಾಲರಿ ಸೌಟು ಹಿಡಿದ ದೊಡ್ಡವ್ವ ಓಡಿಬಂದಳು. ಎಡೆ ಇಟ್ಟ ಬಾಗಿಲನ್ನು ನಡುವೆ ತೆಗೆಯಬಾರದು ಅಂತ ಎಲ್ಲರೂ ಕೂಗಿಕೊಂಡೆವು. ಅವಳು ಚಿಕ್ಕಪ್ಪನನ್ನು ದಾಟಿಕೊಂಡು ಬಾಗಿಲನ್ನು ಒದ್ದೇ ತೆಗೆದಳು. ರಾಗಿ ಚೀಲಗಳ ಹಿಂದೆ ತಣ್ಣಗಿದೆ ಅಂತ ಮಧ್ಯಾಹ್ನ ಅವಳೇ ಜೊತೆಗೆ ತಂದು ಮಲಗಿಸಿದ್ದ ಭೂಪ ಈಗ ಖಾಲಿ ಎಲೆಯ ಮೇಲೆ ಬಿದ್ದಿದ್ದ. ದೊಡ್ಡವ್ವ ಅವನನ್ನು ಹಿಡಿದು ಅಲುಗಿಸಿದಳು. "ಹ್ಞೂಂ!"

ಎಲ್ಲರೂ ನಕ್ಕು ಸುಸ್ತಾದೆವು. ಚಿಕ್ಕಪ್ಪ ಮಾತ್ರ ನಗಲಿಲ್ಲ. ಎಲೆಯನ್ನು ಬಗ್ಗಿ ನೋಡಿ, "ಮುದ್ದೆ ಉಂಡವ್ನೆ, ಮಟನ್ ಉಂಡವ್ನೆ. ಬೀಡಿ ಒಂದ ಮುಟ್ನಿಲ್ಲ. ಅಲ್ಲಿಗೋದ್ಮೇಲೆ ಅಣ್ಣ ಬೀಡಿ ಬಿಟ್ಬುಟ್ಟವ್ನೆ ಕಣ್ರಲಾ!" ಅಂತ ಕಣ್ಣೊರೆಸಿಕೊಂಡ. ಹೋದ ಅಣ್ಣ ಭೂಪನ ಮೈಯಲ್ಲಿ ಬಂದು ಉಂಡಿದ್ದಾನೆ ಅಂತ ಅವನ ತೀರ್ಮಾನ.

ಆ ತೀರ್ಮಾನದ ಫಲವಾಗಿ ಒಂದು ವಾರದಲ್ಲೇ ಅರಕಲಗೂಡಿನ ಕಡೆಯ ಒಬ್ಬ ತಾಯತ ಕಟ್ಟುವವನನ್ನು ಮಿಲ್ಲಿಗೆ ಕರೆತಂದ. ಆಸಾಮಿ ಪರದೆಯ ಮುಂದೆ ನಿಂಬೆಹಣ್ಣು ಇಟ್ಟುಕೊಂಡು ಕೂತ. ದೊಡ್ಡವ್ವ "ಕಾಫಿ ಕುಡ್ಕಂಡು ಶುರುಮಾಡಪ್ಪಾ" ಅಂದದ್ದನ್ನೂ ಕೇಳಿಸಿಕೊಳ್ಳದೆ, "ಯಾರು ನೀನು? ಏನು ಬೇಕು ನಿನಗೆ?" ಅಂತ ಗುಡುಗಿದ. ಪರದೆಯ ಹಿಂದಿನಿಂದ ಮೊದಲು ಬಂದದ್ದು ವಾಸನೆ. ಬುಲ್‌ಡಾಗಿನ ಹೊಟ್ಟೆಯ ವಿಷಯ ಸಾಕಿದವರಿಗೇ ಗೊತ್ತು, ನಾನಿಲ್ಲಿ ವಿವರಿಸುವುದಿಲ್ಲ! ಆಮೇಲೆ ಪರದೆಯ ಕೆಳಗಿನಿಂದ ಒಂದು ಮುಖ ಹೊರಗೆ ಬಂತು. ಹಿಟ್ಟು ಮೆತ್ತಿ ಹೆಣದಷ್ಟು ಬೆಳ್ಳಗಿತ್ತು, ಒಂದು ಕಣ್ಣಿನ ಮೂಲೆಯಲ್ಲಿ ಕೆಂಪು ಉಂಡೆ ಉಬ್ಬಿಕೊಂಡಿತ್ತು. ಅರಕಲಗೂಡಿನ ಬಸ್ಸಿಗೆ ಇನ್ನೂ ಹೊತ್ತಿತ್ತು. ಅವನು ಬಸ್ಸಿಗೆ ಕಾಯಲಿಲ್ಲವಂತೆ, ನಡೆದೇ ಹೊರಟನಂತೆ.

ಆ ಕೆಂಪು ಉಂಡೆ ನೋಡಿ ನಾನೂ ಹೆದರಿದ್ದೆ. ಹಾಸನದಲ್ಲಿ ನಾನಿರುವುದು, ಅಲ್ಲಿ ಗುರುತಿನ ಒಬ್ಬ ನಾಯಿ ಡಾಕ್ಟರಮ್ಮ ಇದ್ದರು. ಭೂಪನನ್ನೂ ದೊಡ್ಡವ್ವನನ್ನೂ ಬಾಡಿಗೆ ಕಾರಿನಲ್ಲಿ ಹಾಕಿಕೊಂಡು ಹೋದೆ. ದಾರಿಯುದ್ದಕ್ಕೂ ದೊಡ್ಡವ್ವ ಒದ್ದೆ ಬಟ್ಟೆಯಿಂದ ಅವನ ಮುಖದ ಮಡಿಕೆಗಳನ್ನು ಒಂದೊಂದಾಗಿ ಬಿಡಿಸಿ ಒರೆಸುತ್ತಿದ್ದಳು. ದಿನಾ ಒರೆಸದಿದ್ದರೆ ಅಲ್ಲಿ ಹುಣ್ಣಾಗುತ್ತದಂತೆ. ವಾಪಸ್ ಕೊಟ್ಟು ಬನ್ನಿ ಅಂದವಳು ಇವಳೇ ಏನು?

ಡಾಕ್ಟರಮ್ಮ ಕಣ್ಣಿನದು ದೊಡ್ಡ ವಿಷಯವಲ್ಲ ಅಂದರು. ಭೂಪನ ಮೂಗಿಗೆ ಟಾರ್ಚು ಬಿಟ್ಟು, ಬಾಯಿ ತೆರೆಸಿ ನೋಡಿದ ಮೇಲೆ ಅವರ ಮುಖ ಗಂಭೀರವಾಯಿತು. "ಈ ಜಾತಿಯ ನಾಯಿಗಳ ಹಣೆಬರಹವೇ ಇಷ್ಟಮ್ಮ. ಮೂತಿ ಗಿಡ್ಡ ಇರಲಿ ಅಂತ ಮನುಷ್ಯರೇ ಹೀಗೆ ಮಾಡಿಟ್ಟಿದ್ದಾರೆ. ಮೂಗಿನ ಹೊಳ್ಳೆ ನೋಡಿ, ದಾರ ಹೋಗುವಷ್ಟೂ ಜಾಗ ಇಲ್ಲ. ಒಳಗೆ ಅಂಗುಳಿನ ಮಾಂಸ ಉದ್ದ ಬೆಳೆದು ಉಸಿರಿನ ದಾರಿಗೆ ಅಡ್ಡ ಬಿದ್ದಿದೆ. ನೀವು ಗೊರಕೆ ಅಂತೀರಲ್ಲ, ಅದು ಗೊರಕೆ ಅಲ್ಲ. ಉಸಿರಿಗೆ ಒದ್ದಾಡೋ ಸದ್ದು."

ದೊಡ್ಡವ್ವ ಭೂಪನ ತಲೆ ಹಿಡಿದುಕೊಂಡು ನಿಂತಿದ್ದಳು.

"ತೂಕ ಇಳಿಸಿ. ಬಿಸಿಲಿಗೆ ಬಿಡಬೇಡಿ. ಆದರೆ ಅಷ್ಟರಲ್ಲೇ ಮುಗಿಯೋದಿಲ್ಲ. ಹೊಳ್ಳೆ ಅಗಲ ಮಾಡಿ, ಅಂಗುಳು ಸ್ವಲ್ಪ ಕತ್ತರಿಸಬೇಕು. ಮಾಡದಿದ್ದರೆ ಮುಂದಿನ ಬೇಸಿಗೆ ದಾಟೋದು ಕಷ್ಟ. ಒಂದು ದಿನ ಮಲಗಿದ್ದಲ್ಲೇ ಉಸಿರು ನಿಂತುಬಿಡುತ್ತೆ. ಮಾಡಿಸಿದರೆ ಇನ್ನೂ ನಾಲ್ಕು ವರ್ಷ ಆರಾಮಾಗಿ ಇರ್ತಾನೆ. ಗೊರಕೆಯೂ ಇರೋದಿಲ್ಲ."

"ಸದ್ದೇ ಇರಾಕಿಲ್ವಾ?" ದೊಡ್ಡವ್ವ ಕೇಳಿದಳು.

"ಇರೋದಿಲ್ಲ. ಮಗುವಿನ ಹಾಗೆ ಮಲಗ್ತಾನೆ."

"ಅಂಗಾದ್ರೆ ಬ್ಯಾಡ" ಅಂದವಳೇ ಭೂಪನನ್ನು ಎತ್ತಿಕೊಂಡು ಹೊರಗೆ ನಡೆದಳು. ಇಪ್ಪತ್ತೈದು ಕೆಜಿಯ ನಾಯಿ!

ನಮ್ಮ ಮನೆಯಲ್ಲಿ ಸಭೆಯ ಮೇಲೆ ಸಭೆ ಆಯಿತು. ಎಲ್ಲರಿಗೂ ವಿಷಯ ಸ್ಪಷ್ಟವಿತ್ತು. ನಾಯಿಯ ಗೊರಕೆಯಲ್ಲಿ ದೊಡ್ಡವ್ವ ಗಂಡನನ್ನು ಇಟ್ಟುಕೊಂಡಿದ್ದಾಳೆ, ಗೊರಕೆ ಹೋದರೆ ಗಂಡ ಎರಡನೇ ಸಲ ಹೋದ ಹಾಗೆ. "ಎಂಥಾ ಪ್ರೀತಿ ನೋಡ್ರೀ, ನೀವೂ ಇದೀರ" ಅಂತ ಹೆಂಡತಿ ನನ್ನನ್ನು ತಿವಿದಳು. ಚಿಕ್ಕಪ್ಪನಂತೂ "ಅಣ್ಣನ ಮೂಗಿಗೆ ಕತ್ತರಿ ಆಕುಸ್ತೀರಾ?" ಅಂತ ಜಗಳಕ್ಕೇ ಬಂದ. ನನಗೆ ಒಂದು ಭಾರೀ ಉಪಾಯ ಹೊಳೆಯಿತು. ಒಂದು ಮಧ್ಯಾಹ್ನ ಹೋಗಿ ಭೂಪನ ಗೊರಕೆಯನ್ನು ಮುಕ್ಕಾಲು ಗಂಟೆ ಮೊಬೈಲಿನಲ್ಲಿ ರೆಕಾರ್ಡ್ ಮಾಡಿದೆ. ದೊಡ್ಡವ್ವನ ಮುಂದೆ ಹಿಡಿದು, "ತಗೋ, ಇನ್ನು ದಿನಾ ಊಟ ಆದ್ಮೇಲೆ ಇದನ್ನ ಹಾಕ್ಕೊಂಡು ಕೇಳು. ಭೂಪಂಗೆ ಆಪರೇಷನ್ ಮಾಡ್ಸೋಣ" ಅಂದೆ.

ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಇದ್ನ ಕೇಳ್ಕಂಡು ನಾನೇನ್ಲಾ ಮಾಡ್ಲಿ? ನಿಂಗೇನು ಬುದ್ಧಿಗಿದ್ಧಿ ಐತಾ?"

ನನಗೆ ಅರ್ಥವಾಗಲಿಲ್ಲ. ಗಂಡನ ಗೊರಕೆ ಬೇಕು ಅನ್ನುವವಳಿಗೆ ರೆಕಾರ್ಡು ಬೇಡವಂತೆ! ಇದೊಂದು ತಿಕ್ಕಲು ಅಂತ ಮನಸ್ಸಿನಲ್ಲೇ ಬೈದುಕೊಂಡು ಬಸ್ ಹತ್ತಿದೆ.

ಬೇಸಿಗೆ ಬಂತು. ಏಪ್ರಿಲಿನ ಒಂದು ಭಾನುವಾರ ಊಟಕ್ಕೆ ಅಂತ ಹೋಗಿದ್ದೆ. ಕರೆಂಟ್ ಇರಲಿಲ್ಲ, ಫ್ಯಾನ್ ನಿಂತಿತ್ತು. ಭೂಪ ಒದ್ದೆ ಗೋಣಿಚೀಲದ ಮೇಲೆ ಮಲಗಿದ್ದ, ದೊಡ್ಡವ್ವ ಪಕ್ಕದ ಚಾಪೆಯ ಮೇಲೆ ಬೀಸಣಿಗೆ ಹಿಡಿದು ಕೂತಿದ್ದಳು. ನಾನು ಗೋಡೆಗೆ ಒರಗಿದೆ. ಎರಡು ಚಿಕ್ಕದು, ಒಂದು ಉದ್ದದ್ದು. ಬೀಸಣಿಗೆ ನಿಂತಿತು. ದೊಡ್ಡವ್ವನ ತುಟಿ ಅಲುಗಿತು. ಇಷ್ಟು ಹತ್ತಿರದಿಂದ ಮೊದಲ ಸಲ ಕೇಳಿಸಿತು, ಅದು ಮಂತ್ರವಲ್ಲ.

"ಒಂದು... ಎಲ್ಡು... ಮೂರು..."

ಅವಳು ಎಣಿಸುತ್ತಿದ್ದಳು.

"ಒಂಬತ್ತು... ಅತ್ತು... ಅನ್ನೊಂದು..."

"ಹ್ಞೂಂ" ಬರಲಿಲ್ಲ. ಹದಿನಾಲ್ಕಕ್ಕೆ ಅವಳು ಬೀಸಣಿಗೆ ಬಿಸಾಕಿದಳು. ಭೂಪನ ದವಡೆ ಅಗಲಿಸಿ ನಾಲಿಗೆಯನ್ನು ಹೊರಗೆ ಎಳೆದಳು. ನಾಲಿಗೆ ನೇರಳೆ ಹಣ್ಣು ತಿಂದ ಹಾಗೆ ನೀಲಿಯಾಗಿತ್ತು. "ಲೇ, ನೀರು! ನೀರು ಸುರಿಯೋ!" ನಾನು ಬಿಂದಿಗೆಯ ನೀರನ್ನೆಲ್ಲ ತಂದು ಸುರಿದೆ. ಅವಳು ಅವನ ಪಕ್ಕೆಯನ್ನು ತಟ್ಟಿದಳು, ಗುದ್ದಿದಳು, ಹೆಸರು ಹಿಡಿದು ಕೂಗಿದಳು. ಎಷ್ಟು ಹೊತ್ತೋ ಕಾಣೆ. ಕೊನೆಗೆ ಭೂಪ ಮೈಯೆಲ್ಲ ಕೊಡವಿ ಗಾಳಿ ಎಳೆದುಕೊಂಡ.

ನನ್ನ ಹೆದರಿಕೆಯೆಲ್ಲ ಸಿಟ್ಟಾಗಿ ಹೊರಗೆ ಬಂತು. "ಡಾಕ್ಟರು ಹೇಳಿದ್ರೂ ಕೇಳಲ್ಲ ನೀನು! ಹೋದ ದೊಡ್ಡಪ್ಪ ವಾಪಸ್ ಬರಲ್ಲ ದೊಡ್ಡವ್ವ! ಒಂದು ಗೊರಕೆಗೋಸ್ಕರ ಈ ಮೂಕಪ್ರಾಣೀನ ಸಾಯಿಸ್ತೀಯಾ?"

ದೊಡ್ಡವ್ವ ಒದ್ದೆ ನೆಲದ ಮೇಲೆ ಹಾಗೇ ಕೂತಳು. ಅವಳ ಮೆಲುದನಿಯನ್ನು ನಾನು ಮೊದಲ ಸಲ ಕೇಳಿದೆ.

"ನಿಮ್ದೊಡ್ಡಪ್ಪನ ಗೊರಕೆ ಯಾರಿಗ್ಲಾ ಬೇಕಾಗಿತ್ತು? ಮೂವತ್ತೈದು ವರ್ಸ ನನ್ ನಿದ್ದೆ ತಿಂತು ಅದು."

"ಮತ್ತೆ?"

"ಅವತ್ತು ನಿಂತೋಯ್ತು. ನಾನು ಇಲ್ಲೇ, ಇದೇ ಚಾಪೆ ಮೇಲಿದ್ದೆ. ನಂಗೆ ಎಚ್ರ ಇತ್ತು ಕಣ್ ಮಗಾ. ಅಬ್ಬಾ, ಸದ್ಯ ನಿಲ್ತಲ್ಲ, ಒಂದ್ಗಳಿಗೆ ಕಣ್ಮುಚ್ಚಾನ ಅಂತ ಆ ಕಡೀಕೆ ತಿರುಗಿ ಮಲಗ್ಬುಟ್ಟೆ. ಅಂತಾ ನಿದ್ದೆ ನಾನು ಜೀವಮಾನ್ದಲ್ಲೇ ಮಾಡಿರ್ನಿಲ್ಲ. ಎದ್ದು ಕಾಫಿ ಕಾಯಿಸ್ಕಂಡು ಬಂದು ಕರೆದ್ರೆ, ಕೈ ತಣ್ಣಗಾಗಿತ್ತು."

ಹೊರಗೆ ಬೀದಿಯಲ್ಲಿ ಯಾವುದೋ ಆಟೋ ಹೋಯಿತು.

"ಎಲ್ಲಾರೂವೆ ಸುಖದ ಸಾವು ಅಂದ್ರು. ನಾನು ಅಲುಗಿಸಿದ್ರೆ ಬದುಕ್ತಿದ್ರೇನೋ. ಯಾರ್ ಮುಂದೆ ಏಳ್ಲಿ?" ಅವಳು ಭೂಪನ ಕಿವಿ ಒರೆಸಿದಳು. "ಇವ್ನು ಸದ್ ಮಾಡ್ತಾನೆ, ಅದುಕ್ಕೇ ನಂಗೆ ಧೈರ್ಯ. ನಿಂತ್ರೆ ಎಣಿಸ್ತೀನಿ, ಜಾಸ್ತಿ ಆದ್ರೆ ಅಲುಗಿಸ್ತೀನಿ. ಆಪ್ರೇಸನ್ ಮಾಡ್ಸುಬುಟ್ರೆ ಸದ್ದೇ ಇರಾಕಿಲ್ವಂತೆ. ಸದ್ದಿಲ್ದೆ ಮಲಗಿದ್ರೆ, ಬದುಕವ್ನೋ ಇಲ್ವೋ ಅಂತ ನಂಗೆ ಎಂಗ್ಲಾ ಗೊತ್ತಾಗ್ಬೇಕು?"

ಇಷ್ಟು ದಿನ ನಾವು ನಕ್ಕದ್ದೆಲ್ಲ ನನಗೆ ನೆನಪಾಯಿತು. ರೆಕಾರ್ಡು ಹಿಡಿದು ನಿಂತದ್ದು ನೆನಪಾಗಿ ನಾಚಿಕೆಯಾಯಿತು. ಎದ್ದು ಕಾರಿಗೆ ಫೋನ್ ಮಾಡಿದೆ. ದೊಡ್ಡವ್ವ ಬೇಡ ಅನ್ನಲಿಲ್ಲ. ಹಾಸನ ತಲುಪುವ ತನಕ ಭೂಪನ ತಲೆ ಅವಳ ತೊಡೆಯ ಮೇಲಿತ್ತು.

ಡಾಕ್ಟರಮ್ಮನಿಗೆ ಅವಳು ಒಂದೇ ಒಂದು ಪ್ರಶ್ನೆ ಕೇಳಿದಳು, "ಸದ್ದಿಲ್ದೋದ್ರೆ ಎಂಗೆ ನೋಡ್ಕಳದು ತಾಯಿ?" ಆ ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಏನು ಅರ್ಥವಾಯಿತೋ, ದೊಡ್ಡವ್ವನ ಕೈ ಹಿಡಿದು ಭೂಪನ ಪಕ್ಕೆಯ ಮೇಲೆ ಇಟ್ಟರು. "ಇಲ್ಲಿ ಅಮ್ಮಾ. ಏಳುತ್ತೆ, ಇಳಿಯುತ್ತೆ. ನೋಡಿ." ಇಂಥ ನಾಯಿಗಳಿಗೆ ಅರಿವಳಿಕೆ ಕೊಡುವುದೇ ದೊಡ್ಡ ಗಂಡಾಂತರ ಅಂತ ನನಗೆ ಬೇರೆಯಾಗಿ ಹೇಳಿದ್ದರು. ಆ ಎರಡು ಗಂಟೆ ನಾನು ಅನುಭವಿಸಿದ್ದು ನನಗೇ ಗೊತ್ತು. ದೊಡ್ಡವ್ವ ಬಾಗಿಲನ್ನೇ ನೋಡುತ್ತ ಬೆಂಚಿನ ಮೇಲೆ ಅಲ್ಲಾಡದೆ ಕೂತಿದ್ದಳು. ಭೂಪ ಎದ್ದ. ಎದ್ದವನೇ ಡಾಕ್ಟರಮ್ಮನ ಕೈ ನೆಕ್ಕಿದ.

ಮನೆಗೆ ಕರೆದುಕೊಂಡು ಬಂದ ನಾಲ್ಕನೇ ದಿನ ಮಧ್ಯಾಹ್ನ ನೋಡಲು ಹೋದೆ. ಮಿಲ್ಲು ನಿಂತಿತ್ತು. ಪರದೆಯ ಹಿಂದೆ ಒಂದು ಸದ್ದೂ ಇಲ್ಲ. ಇಷ್ಟು ದಿನ ಗೊರಕೆಗೆ ಹೆದರಿದ್ದ ನಾನು ಆ ನಿಶ್ಶಬ್ದಕ್ಕೆ ಇನ್ನೂ ಹೆಚ್ಚು ಹೆದರಿದೆ. ಪರದೆ ಸರಿಸಿದರೆ ಭೂಪ ಬಾಯಿ ಮುಚ್ಚಿಕೊಂಡು ಮಲಗಿದ್ದ. ಅವನ ಪಕ್ಕೆಯ ಮೇಲೆ ಕೈ ಇಟ್ಟು ದೊಡ್ಡವ್ವ ಕೂತಿದ್ದಳು. ಕಣ್ಣು ಕೆಂಪಗಾಗಿ ಒಳಗೆ ಹೋಗಿತ್ತು.

"ಮಲಗೇ ಇಲ್ವಾ ದೊಡ್ಡವ್ವ ನೀನು?"

"ಕೈ ತಗುದ್ರೆ ಗೊತ್ತಾಗಾಕಿಲ್ಲ ಕಣ್ಲಾ."

ನಾನು ಅವಳ ಪಕ್ಕ ಕೂತು, ಅವಳ ಕೈ ಪಕ್ಕದಲ್ಲೇ ನನ್ನ ಕೈ ಇಟ್ಟೆ. ಬೆಚ್ಚಗಿತ್ತು. ಅವಳು ನನ್ನ ಮುಖ ನೋಡಿದಳು.

"ನೋಡ್ಕತೀಯಾ?"

"ನೋಡ್ಕತೀನಿ. ಮಲಕ್ಕೋ ಓಗು."

"ತಗೀಬ್ಯಾಡ."

"ತಗಿಯಲ್ಲ."

ಅವಳು ಚಾಪೆಯ ಮೇಲೆ ಉರುಳಿ, ಆ ಕಡೆ ತಿರುಗಿಕೊಂಡಳು. ಸ್ವಲ್ಪ ಹೊತ್ತಿಗೆಲ್ಲ ನಿದ್ದೆ ಹತ್ತಿತು. ಮೂರೂವರೆಗೆ ಯಾರೋ ರಾಗಿ ತಂದು ಬಾಗಿಲು ತಟ್ಟಿದರು, ಕೂಗಿದರು, ಬೈದುಕೊಂಡು ಹೋದರು. ನನ್ನ ನಾಲ್ಕು ಗಂಟೆಯ ಬಸ್ಸೂ ಹೋಯಿತು. ಕೈ ಜೋಮು ಹಿಡಿಯಿತು. ಅದರ ಕೆಳಗೆ ಭೂಪನ ಪಕ್ಕೆ ಏಳುತ್ತಿತ್ತು, ಇಳಿಯುತ್ತಿತ್ತು. ದೊಡ್ಡವ್ವ ಎಚ್ಚರವಾಗುವ ತನಕ ನಾನು ಕೈ ತೆಗೆಯಲಿಲ್ಲ.